ಹೆಸರಿನ ಪುಟದಿಂದ ಎದ್ದು ಹೋದವರು

ನಮ್ಮದು ಮದುವೆ ಕಾರ್ಡಿನ ಪ್ರೆಸ್ಸು. ಬಳ್ಳಾರಿಯ ಗಾಂಧಿನಗರದಲ್ಲಿ ಅಪ್ಪ ಶುರುಮಾಡಿದ್ದು, ಈಗ ಅಣ್ಣ ಮತ್ತು ನಾನು ನಡೆಸುತ್ತೇವೆ. ನಡೆಸುವುದೆಂದರೆ, ಅಣ್ಣ ಯಂತ್ರದ ಹತ್ತಿರ ನಿಂತು ಎಲ್ಲರನ್ನೂ ಬೈಯುತ್ತಾನೆ, ನಾನು ಗಿರಾಕಿಗಳ ಹತ್ತಿರ ಕೂತು ಅಣ್ಣನನ್ನು ಬೈಯುತ್ತೇನೆ. ಮದುವೆಯಾದಾಗಿನಿಂದ ನನ್ನ ಮನೆ ಕುರುಗೋಡಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬಳ್ಳಾರಿಗೆ ಬರುವುದು, ಸಂಜೆ ಸಿಕ್ಕ ಬಸ್ಸು ಹಿಡಿದು ವಾಪಸ್ಸು ಹೋಗುವುದು. ಕನ್ವರ್ಷನ್ ಫನಲ್ ರಿಪೋರ್ಟ್ ಎಂಬ ವೆಬ್‌ಸೈಟಿನ ಲೆಕ್ಕಪಟ್ಟಿಯನ್ನು ನಾನು ಓದಲು ಕಲಿತದ್ದು ಆ ಬಸ್ಸಿನಲ್ಲೇ, ಕಿಟಕಿ ಪಕ್ಕದ ಸೀಟಿನಲ್ಲಿ, ಮೊಬೈಲಿಗೆ ಸೆರಗಿನ ನೆರಳು ಮಾಡಿಕೊಂಡು. ಕಲಿತುಬಿಟ್ಟೆ ಎಂದು ಬಹಳ ದಿನ ಬೀಗಿದ್ದೆ. ಆ ಜಂಬ ಇಳಿದದ್ದು ಹೇಗೆ ಎಂದು ಹೇಳುತ್ತೇನೆ.

ಪ್ರೆಸ್ಸಿಗೊಂದು ವೆಬ್‌ಸೈಟ್ ಬೇಕೆಂದದ್ದು ನನ್ನ ಹಟ. ಅಣ್ಣನಿಗೆ ಇಷ್ಟವಿರಲಿಲ್ಲ. ‘ಕಾರ್ಡು ಕೈಯಾಗ ಹಿಡಿದು ನೋಡೋದು, ಮೊಬೈಲ್‌ನಾಗ ಏನು ನೋಡ್ತಾರ?’ ಎಂದ. ನಾನು ಮೂರು ದಿನ ಅವನೊಡನೆ ಮಾತು ಬಿಟ್ಟೆ, ನಾಲ್ಕನೇ ದಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದು ಅವನೇ ಒಪ್ಪಿದ. ನಮ್ಮ ಓಣಿಯಲ್ಲೇ ಮನೆಯಿರುವ, ಕಂಪ್ಯೂಟರ್ ಓದಿದ ಒಬ್ಬ ಹುಡುಗಿ ಎರಡು ತಿಂಗಳಲ್ಲಿ ವೆಬ್‌ಸೈಟ್ ಮಾಡಿಕೊಟ್ಟಳು. ಗಿರಾಕಿ ಮನೆಯಲ್ಲೇ ಕೂತು ಮಾದರಿ ಆರಿಸಬಹುದು, ಹೆಸರು ತುಂಬಬಹುದು, ಕಾರ್ಡು ಹೇಗೆ ಕಾಣುತ್ತದೆಂದು ನೋಡಿ ಆರ್ಡರ್ ಕೊಡಬಹುದು. ಉದ್ಘಾಟನೆಗೆ ಅಣ್ಣ ಕಂಪ್ಯೂಟರಿಗೆ ತೆಂಗಿನಕಾಯಿ ಒಡೆದ. ನೀರು ಕೀಬೋರ್ಡಿಗೆ ಸಿಡಿದು ಒಂದು ವಾರ ‘ಮ’ ಬೀಳುತ್ತಿರಲಿಲ್ಲ. ಮದುವೆ ಕಾರ್ಡಿನವರಿಗೆ ‘ಮ’ ಇಲ್ಲದಿದ್ದರೆ ಹೇಗಾದೀತು ನೀವೇ ಹೇಳಿ.

ಇನ್ನು ಚಾಚಾನ ವಿಷಯ. ಸಿರುಗುಪ್ಪದಲ್ಲಿ ನಮ್ಮದೊಂದು ಟೇಬಲ್ ಇದೆ. ಶಾಖೆ ಎಂದರೆ ದೊಡ್ಡ ಮಾತಾಗುತ್ತದೆ. ಬಸ್ ನಿಲ್ದಾಣದ ಹತ್ತಿರ ಒಂದು ಸ್ಟೇಷನರಿ ಅಂಗಡಿ, ಅದರ ಮುಂಭಾಗದಲ್ಲಿ ಒಂದು ಟೇಬಲ್, ಒಂದು ಬೆಂಚು, ಮಾದರಿ ಕಾರ್ಡುಗಳ ನಾಲ್ಕು ಆಲ್ಬಮ್ಮು, ಒಂದು ಫೋನು. ಅಲ್ಲಿ ಕೂರುವವರು ಚಾಚಾ. ಅಪ್ಪನ ಕಾಲದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ನಾನು ಲಂಗ ಹಾಕಿಕೊಂಡು ಪ್ರೆಸ್ಸಿನಲ್ಲಿ ಓಡಾಡುವಾಗ ಮೊಳೆಗಳ ಪೆಟ್ಟಿಗೆಯ ಮುಂದೆ ನಿಲ್ಲಿಸಿ ನನಗೆ ಅಕ್ಷರ ಕಲಿಸಿದವರು. ಹಾಗಾಗಿ ನಾನು ಅಕ್ಷರಗಳನ್ನು ಮೊದಲು ಕಲಿತದ್ದು ಮೊಳೆಯಲ್ಲಿರುವಂತೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ. ಸಾಲಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೇ ತಪ್ಪು ಎಂದು ಜಗಳ ಮಾಡಿದ್ದೆನಂತೆ. ಮೊಳೆಗಳ ಕಾಲ ಮುಗಿದ ಮೇಲೆ ಚಾಚಾ ತಮ್ಮ ಊರಾದ ಸಿರುಗುಪ್ಪಕ್ಕೇ ಹೋಗಿ ಈ ಟೇಬಲ್ ಹಾಕಿದರು. ಸುತ್ತಲಿನ ಹಳ್ಳಿಗಳ ಕಾರ್ಡೆಲ್ಲ ಅವರ ಕೈಯಿಂದಲೇ ಬರುತ್ತಿತ್ತು, ಹಿಂದೂಗಳದ್ದು, ಮುಸಲ್ಮಾನರದ್ದು, ಆಂಧ್ರದ ಕಡೆ ಬೀಗತನ ಮಾಡಿದವರ ತೆಲುಗು ಕಾರ್ಡು ಸಹ.

ವೆಬ್‌ಸೈಟ್ ಶುರುವಾದ ತಿಂಗಳೊಳಗೆ ಅಣ್ಣ ಒಂದು ಮಾತು ಅಂದ. ‘ಇದು ಸರಿ ನಡೀತಂದ್ರ ಸಿರುಗುಪ್ಪದ ಟೇಬಲ್ ಯಾತಕ್ಕ ಬೇಕು? ಚಾಚಾಗೂ ವಯಸ್ಸಾತು, ಮನ್ಯಾಗ ಆರಾಮ ಇರ್ಲಿ. ಉಗಾದಿಗೆ ಎತ್ತಿಬಿಡಾಣ.’

ಬೇಡ ಎಂದು ಬಾಯಿ ತೆರೆದರೆ, ‘ವೆಬ್‌ಸೈಟ್ ಬೇಕು ಅಂದಾಕಿ ನೀನೇ ಅಲ್ಲೇನು?’ ಎಂದು ಬಾಯಿ ಮುಚ್ಚಿಸಿದ. ಗಿರಾಕಿಗಳಿಗೆ ಅನುಕೂಲವಾಗಲಿ ಎಂದು ನಾನು ತಂದ ವಸ್ತು ಚಾಚಾನ ಕುರ್ಚಿಗೇ ಕೈ ಹಾಕುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇದನ್ನು ಚಾಚಾನಿಗೆ ಸದ್ಯಕ್ಕೆ ಹೇಳುವುದಿಲ್ಲ ಎಂದು ಅಣ್ಣನಿಂದ ಮಾತು ತೆಗೆದುಕೊಂಡೆ. ಆದರೆ ಅಣ್ಣ ಗುಟ್ಟು ಹೇಳಿದರೂ ಯಂತ್ರದ ಸದ್ದಿಗಿಂತ ಜೋರಾಗಿ ಹೇಳುವವನು.

ಅಷ್ಟರಲ್ಲಿ ಹುಡುಗಿ ನನಗೆ ರಿಪೋರ್ಟ್ ನೋಡುವುದನ್ನು ಹೇಳಿಕೊಟ್ಟಳು. ವೆಬ್‌ಸೈಟಿಗೆ ಎಷ್ಟು ಮಂದಿ ಬಂದರು, ಯಾವ ಪುಟದವರೆಗೆ ಬಂದರು, ಎಲ್ಲಿಂದ ಎದ್ದು ಹೋದರು, ಎಲ್ಲವನ್ನೂ ಅದು ಕಂಬಗಳ ಚಿತ್ರ ಮಾಡಿ ತೋರಿಸುತ್ತದೆ. ಮೊದಲ ಪುಟಕ್ಕೆ ಒಂದು ಕಂಬ, ಮಾದರಿಯ ಪುಟಕ್ಕೆ ಒಂದು, ಹೆಸರಿನ ಪುಟಕ್ಕೆ ಒಂದು, ಕರಡು ನೋಡುವ ಪುಟಕ್ಕೆ ಒಂದು, ಕೊನೆಗೆ ಆರ್ಡರ್. ಫನಲ್ ಎಂದರೆ ಲಾಳಿಕೆ ಎಂದು ಬಿಡಿಸಿ ಹೇಳಿದಳು. ನನಗೆ ಸಿಟ್ಟು ಬಂತು. ‘ನಮ್ಮ ಮನೀ ಲಾಳಿಕ್ಯಾಗ ಮ್ಯಾಲ ಹಾಕಿದ ಎಣ್ಣಿಯೆಲ್ಲಾ ಕೆಳಗ ಬರ್ತೈತಿ. ಇದರಾಗ ಮ್ಯಾಲ ಬಂದೋರು ಕೆಳಗ ಇಳಿಯೋದೇ ಇಲ್ಲಲ್ಲ! ಇದಕ್ಕ ಜರಡಿ ಅಂತ ಹೆಸರಿಡಬೇಕಿತ್ತು’ ಎಂದೆ. ‘ಹೆಸರಿಟ್ಟಾಕಿ ನಾನಲ್ರಿ ಮೇಡಂ’ ಎಂದು ಅವಳು ನಕ್ಕಳು.

ನಿಜ ಹೇಳಬೇಕೆಂದರೆ ಆ ಚಿತ್ರ ನೋಡಿದರೆ ಸಂಕಟವಾಗುತ್ತಿತ್ತು. ಮೊದಲ ಕಂಬ ಎತ್ತರ, ಮಾದರಿಯ ಕಂಬವೂ ಹೆಚ್ಚು ಕಡಿಮೆ ಅಷ್ಟೇ. ಹೆಸರಿನ ಪುಟಕ್ಕೆ ಬಂದವರೂ ಕಡಿಮೆಯಿಲ್ಲ. ಅಲ್ಲಿಂದ ಮುಂದಿನ ಕಂಬ ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಹತ್ತು ಮಂದಿ ಹೆಸರಿನ ಪುಟಕ್ಕೆ ಬಂದರೆ ಇಬ್ಬರು ದಾಟಿದರೆ ಪುಣ್ಯ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಅದನ್ನು ನೋಡುವುದು, ಬಳ್ಳಾರಿ ಬರುವಷ್ಟರಲ್ಲಿ ಮುಖ ಊದಿಸಿಕೊಳ್ಳುವುದು ನನ್ನ ದಿನಚರಿಯಾಯಿತು. ಪಕ್ಕದ ಸೀಟಿನ ಹೆಂಗಸೊಬ್ಬಳು ಒಂದು ದಿನ, ‘ಯಾಕವ್ವಾ, ಊರಾಗ ಯಾರಾದ್ರೂ ತೀರಿಕೊಂಡ್ರೇನು?’ ಎಂದು ಕೇಳಿಯೇಬಿಟ್ಟಳು.

ಹುಡುಗಿ ತನ್ನ ಓದಿನ ಪ್ರಕಾರ ಔಷಧ ಹೇಳಿದಳು. ಫಾರ್ಮು ಉದ್ದವಾದರೆ ಜನ ಬೇಸತ್ತು ಬಿಟ್ಟು ಹೋಗುತ್ತಾರೆ, ಚಿಕ್ಕದು ಮಾಡಬೇಕು. ಹೆಸರಿನ ಪುಟದಲ್ಲಿ ಮೊದಲು ಇಪ್ಪತ್ತನಾಲ್ಕು ಖಾನೆಗಳಿದ್ದವು. ‘ಸುಖಾಗಮನ ಬಯಸುವವರು’ ಎಂಬ ತಲೆಬರಹದ ಕೆಳಗೆ ಬರುವ ಹೆಸರುಗಳಿಗಾಗಿ. ಅದನ್ನು ಆರಕ್ಕೆ ಇಳಿಸಿದೆವು. ನನಗೂ ಸರಿ ಅನಿಸಿತ್ತು. ಇಡೀ ಜನ್ಮ ಕಾರ್ಡು ಅಚ್ಚು ಹಾಕಿದ ಮನೆಯವಳು ನಾನು, ನನಗೂ ಅದು ಸರಿ ಅನಿಸಿತ್ತಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವಾರ ಕಂಬ ಇನ್ನೂ ಕುಳ್ಳಗಾಯಿತು. ದಾಟಿದ ಒಬ್ಬಿಬ್ಬರದು ಬೇರೆಯೇ ಕತೆ. ಕೊಳಗಲ್ಲಿನವರೊಬ್ಬರು ಆರು ಖಾನೆಗಳಲ್ಲಿ ಮೂವತ್ತೆಂಟು ಹೆಸರು ತುರುಕಿದ್ದರು. ಒಂದು ಖಾನೆಯಲ್ಲಿ ಅಣ್ಣತಮ್ಮಂದಿರೆಲ್ಲ, ಇನ್ನೊಂದರಲ್ಲಿ ಅವರ ಹೆಂಡಂದಿರೆಲ್ಲ, ಕೊನೆಯದರಲ್ಲಿ ‘ನಮ್ಮ ಮಾಮಾನ ಮದುವಿಗೆ ಎಲ್ಲಾರೂ ತಪ್ಪದ ಬರ್ರಿ’ ಎಂದು ಕರೆಯುವ ಮಕ್ಕಳ ಹೆಸರುಗಳು. ಕರಡಿನಲ್ಲಿ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣಗಾಗಿದ್ದವು. ಅಣ್ಣ ಅದನ್ನು ಬೆಳಕಿಗೆ ಹಿಡಿದು, ‘ಇದರ ಕೂಡ ಒಂದು ಭೂತಗನ್ನಡಿ ಕಳಿಸಬೇಕೇನಲೇ?’ ಎಂದ.

ಆ ಭಾನುವಾರ ಕುರುಗೋಡಿನಲ್ಲಿ ನನ್ನ ಕಣ್ಣು ತೆರೆಯಿತು. ತೆರೆಸಿದವಳು ನನ್ನ ನಾದಿನಿ. ನಮ್ಮ ಮನೆಯಿಂದ ಎರಡು ಮನೆ ಆಚೆಗೇ ಅವಳ ಮನೆ. ಹಿರಿಯ ಮಗನ ಮದುವೆ ಗೊತ್ತಾಗಿತ್ತು. ‘ನಿಮ್ಮ ವೆಬ್‌ಸೈಟ್‌ನಾಗ ನಾನೇ ಮಾಡ್ತೀನಿ, ನೀ ಕೈ ಹಚ್ಚಬ್ಯಾಡ’ ಎಂದು ಮೊಬೈಲ್ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಳು. ನಾನು ಹಸಿಮೆಣಸಿನಕಾಯಿ ತೊಟ್ಟು ತೆಗೆಯುತ್ತಾ ಪಕ್ಕದಲ್ಲಿ ಕೂತಿದ್ದೆ. ನೋಡದವಳ ಹಾಗೆ ನೋಡುತ್ತಿದ್ದೆ.

ಮಾದರಿಗಳನ್ನು ಸರಸರ ಸರಿಸಿ, ‘ಈ ಎಲಿ ಹಸಿರು ಗಣಪತಿ ಚಲೋ ಐತಿ’ ಎಂದು ಒತ್ತಿಯೇಬಿಟ್ಟಳು. ಅಷ್ಟು ಬೇಗ ಅವಳು ಸೀರೆಯನ್ನೂ ಆರಿಸಿದವಳಲ್ಲ. ಹೆಸರಿನ ಪುಟ ಬಂತು. ಮದುಮಗನ ಹೆಸರು ತುಂಬಿದಳು. ತಟಕ್ಕನೆ ಮೊಬೈಲನ್ನು ಮಗುಚಿ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ನಾನು ಮೆಣಸಿನಕಾಯಿ ಕೈಯಲ್ಲೇ ಎದ್ದು ನಿಂತೆ. ‘ಎಲ್ಲಿಗೆ ಹೊಂಟಿ? ಅರ್ಧಕ್ಕ ಬಿಟ್ಟು ಹೋಗಬ್ಯಾಡ!’

‘ಅಯ್ಯ, ಹೆಸರು ಅಂದ್ರ ಸುಮ್ನ ಏನು? ದೊಡ್ಡ ಮಾವನ್ನ ಕೇಳಬೇಕು. ಬೀಗರಿಗೆ ಫೋನ್ ಹಚ್ಚಬೇಕು. ನನ್ನ ಮನಸ್ಸಿಗೆ ಬಂದಂಗ ಬರಿಯಾಕ ಆಗ್ತೈತೇನು?’

‘ಅರ್ಧ ಗಂಟ್ಯಾಗ ಬರ್ತೀಯಿಲ್ಲ?’

‘ಅರ್ಧ ಗಂಟಿ?’ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಮೂರು ದಿನ ಬೇಕು. ನಿನ್ನ ಮದುವಿ ಕಾರ್ಡಿಗೆ ನಿಮ್ಮಪ್ಪ ಎಂಟು ದಿನ ತಗೊಂಡಿದ್ರು, ಮರ್ತಿಯೇನು?’

ಮರೆತಿದ್ದೆ. ಸ್ವಂತ ಪ್ರೆಸ್ಸಿದ್ದೂ ಅಪ್ಪ ಎಂಟು ದಿನ ಊರೂರು ಫೋನು ಮಾಡಿ ಹೆಸರು ಜೋಡಿಸಿದ್ದರು.

ಮರುದಿನ ಬಸ್ಸಿನಲ್ಲಿ ರಿಪೋರ್ಟ್ ತೆಗೆದೆ. ಭಾನುವಾರ ಎಲೆ ಹಸಿರು ಗಣಪತಿ ಆರಿಸಿದವರು ಒಬ್ಬರೇ. ಆ ಒಬ್ಬರು ಹೆಸರಿನ ಪುಟದಲ್ಲಿ ಬಿಟ್ಟು ಹೋದರು ಎಂದು ಬರೆದಿತ್ತು. ನಮ್ಮ ನಾದಿನಿ ಕಳೆದುಹೋಗಿದ್ದಳು! ಕುರುಗೋಡಿನಲ್ಲಿ ಎರಡು ಹೊತ್ತು ಉಂಡು, ದೊಡ್ಡ ಮಾವನ ಪಡಸಾಲೆಯಲ್ಲಿ ಕೂತು ಹೆಸರಿನ ಪಟ್ಟಿ ಮಾಡುತ್ತಿದ್ದವಳನ್ನು ಈ ರಿಪೋರ್ಟ್ ಕೈಬಿಟ್ಟವರ ಸಾಲಿಗೆ ಸೇರಿಸಿತ್ತು. ಬುಧವಾರ ಅವಳು ಪಟ್ಟಿ ಹಿಡಿದು ಬಂದಳು. ಅವಳ ಮೊಬೈಲಿನಲ್ಲಿ ಚಾರ್ಜಿರಲಿಲ್ಲ, ಗಂಡನ ಮೊಬೈಲಿನಲ್ಲಿ ಮೊದಲಿಂದ ಶುರುಮಾಡಿದಳು. ಆರು ಖಾನೆ ನೋಡಿ ನನಗೆ ನಾಲ್ಕು ಮಾತು ಬೈದು, ಉಳಿದ ಹೆಸರು ನನ್ನಿಂದಲೇ ಚೀಟಿಯಲ್ಲಿ ಬರೆಸಿ ಆರ್ಡರ್ ಮುಗಿಸಿದಳು. ಮರುದಿನದ ರಿಪೋರ್ಟಿನಲ್ಲಿ ಹೊಸಬರೊಬ್ಬರು ಬಂದು ಒಂದೇ ಉಸಿರಿಗೆ ಕಾರ್ಡು ಮಾಡಿಸಿದ್ದರು. ಬಿಟ್ಟು ಹೋದವಳು ಹಾಗೇ ಬಿಟ್ಟು ಹೋದವಳಾಗಿಯೇ ಉಳಿದಿದ್ದಳು. ಒಂದು ಮದುವೆ, ಒಬ್ಬಳೇ ನಾದಿನಿ, ರಿಪೋರ್ಟಿನ ಕಣ್ಣಿಗೆ ಇಬ್ಬರು.

ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಹೆಂಗಸಿಗೆ ಸಮಾಧಾನವಾಗಿರಬೇಕು.

ಅವತ್ತು ಗಾಂಧಿನಗರಕ್ಕೆ ಹೋಗದೆ ನೇರ ಸಿರುಗುಪ್ಪದ ಬಸ್ಸು ಹತ್ತಿದೆ. ಚಾಚಾನ ಬೆಂಚಿನ ತುದಿಯಲ್ಲಿ ಕೂತು ಇಡೀ ದಿನ ನೋಡಬೇಕೆಂದು. ಚಾಚಾ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು, ಕಿವಿಯ ಮೇಲೆ ಕೆಂಪು ಪೆನ್ನು. ಹನ್ನೊಂದರ ಹೊತ್ತಿಗೆ ಹತ್ತಿರದ ಹಳ್ಳಿ ಕರೂರಿನಿಂದ ಗಂಡ ಹೆಂಡತಿ ಬಂದರು, ಮಗಳ ಮದುವೆ. ಆಲ್ಬಮ್ ತಿರುವಿ, ನವಿಲಿರುವ ಕಾರ್ಡಿನ ಮೇಲೆ ಬೆರಳಿಟ್ಟರು. ನಾನು ಕಾಯುತ್ತಿದ್ದುದು ಮುಂದಿನದಕ್ಕೆ.

ಯಾರ್ಯಾರ ಹೆಸರು ಹಾಕಬೇಕು ಎಂದು ಚಾಚಾ ಕೇಳಲಿಲ್ಲ. ಅವರು ಎಂದೂ ಹಾಗೆ ಕೇಳಿದವರೇ ಅಲ್ಲ. ಕೆಂಪು ಪೆನ್ನು ತೆಗೆದು, ‘ಯಾರ ಹೆಸರು ಬಿಟ್ರ ಸಿಟ್ಟಾಗ್ತಾರ? ಮೊದ್ಲ ಅವರನ್ನ ಹೇಳ್ರಿ’ ಎಂದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಂಡ, ‘ನಮ್ಮ ಸೋದರತ್ತಿ’ ಎಂದ. ಹೆಂಡತಿ, ‘ಆಕಿಗಿಂತ ಮೊದ್ಲು ನಮ್ಮ ಚಿಕ್ಕಪ್ಪ’ ಎಂದಳು. ಚಾಚಾ ಇಬ್ಬರದನ್ನೂ ಬರೆದುಕೊಂಡು, ‘ಹುಡುಗನ ಕಡಿ ತೀರಿಹೋದ ಹಿರಿಯರ ಹೆಸರು ಗೊತ್ತೈತೇನ್ರಿ?’ ಎಂದರು. ಗೊತ್ತಿರಲಿಲ್ಲ. ಇಬ್ಬರೂ ಎದ್ದು, ಕೇಳಿಕೊಂಡು ಬರುತ್ತೇವೆಂದು ಹೊರಟರು. ಮಧ್ಯಾಹ್ನದ ಮೇಲೆ ಇನ್ನೊಂದು ಮನೆಯವರು ಬಂದರು, ಅವರೂ ಹೆಸರಿನ ಹತ್ತಿರ ಬಂದು ಎದ್ದು ಹೋದರು. ಸಂಜೆ ಮೂರನೆಯವರು, ಅವರದೂ ಅದೇ ಕತೆ. ನಮ್ಮ ವೆಬ್‌ಸೈಟಿನ ರಿಪೋರ್ಟನ್ನು ಈ ಟೇಬಲ್ಲಿಗೆ ಹಚ್ಚಿದ್ದರೆ ಚಾಚಾ ಅವತ್ತು ಪೂರಾ ಫೇಲು.

‘ಎಲ್ಲಾರೂ ಎದ್ದು ಹೋದ್ರಲ್ಲ ಚಾಚಾ?’ ಎಂದೆ.

‘ಹೋಗ್ಲೇಬೇಕಮ್ಮಾ’ ಎಂದರು ಅವರು, ಇದೂ ಒಂದು ಪ್ರಶ್ನೆಯೇ ಎಂಬಂತೆ. ‘ಕೇಳದ ಬರೆಸಿದ್ರ ಆ ಕಾರ್ಡು ಮನಿ ಒಡೀತೈತಿ. ಎದ್ದು ಹೋದೋರು ಬರ್ತಾರ. ಎದ್ದು ಹೋಗದ ಬರೆಸ್ತಾರಲ್ಲ, ಅಂಥೋರ್ದೇ ನನಗ ಭಯ.’

ಹೊರಡುವಾಗ ಅವರ ಕೊನೆಯ ಮಗಳ ನಿಕಾಹದ ಬಗ್ಗೆ ಕೇಳಿದೆ. ರಂಜಾನ್ ಮುಗಿದ ಮೇಲೆ ಎಂದು ನನಗೂ ಗೊತ್ತಿತ್ತು. ಕಾರ್ಡು ಎಲ್ಲಿಗೆ ಬಂತು ಎಂದರೆ, ‘ಆಗ್ತೈತಿ ಬಿಡಮ್ಮಾ, ಏನವಸರ’ ಎಂದು ಬಸ್ಸಿನ ಕಡೆ ಕೈ ತೋರಿಸಿದರು. ಮಂದಿಯ ಕಾರ್ಡಿಗೆ ಅಷ್ಟು ಅವಸರ ಮಾಡುವ ಮನುಷ್ಯ ತಮ್ಮ ಮಗಳದಕ್ಕೆ ಹೀಗೆ ಅನ್ನುತ್ತಾರಲ್ಲ ಎಂದು ಒಂದು ಕ್ಷಣ ಅನಿಸಿತು. ಬಸ್ಸು ಬಂತು, ಹತ್ತಿದೆ.

ಮರುದಿನ ಹುಡುಗಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಹಣೆ ಬಡಿದುಕೊಂಡಳು. ಮೊದಲ ಪುಟದಿಂದ ಆರ್ಡರಿನವರೆಗೆ ಅರ್ಧ ಗಂಟೆಯೊಳಗೆ, ಒಂದೇ ಸಲ ಕೂತಾಗ ಮುಗಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಅವಳೇ ರಿಪೋರ್ಟಿಗೆ ಹೇಳಿಟ್ಟಿದ್ದಳಂತೆ. ಮೊಬೈಲ್ ಕವರ್ ಕೊಳ್ಳುವವರಿಗೆ ಅದು ಸರಿಯಿರಬಹುದು. ರಿಪೋರ್ಟ್ ಸುಳ್ಳು ಹೇಳಿರಲಿಲ್ಲ, ನಾವು ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಕೇಳಿದ ಪ್ರಶ್ನೆಯೇ ನಮ್ಮ ಮಂದಿಗೆ ಹೊಂದುವುದಾಗಿರಲಿಲ್ಲ. ಎದ್ದು ಹೋದರು ಎಂದಷ್ಟೇ ಅದಕ್ಕೆ ಗೊತ್ತು, ಎಲ್ಲಿಗೆ ಹೋದರು, ಯಾಕೆ ಹೋದರು ಎಂಬುದನ್ನು ನಾವೇ ಹೋಗಿ ನೋಡಬೇಕಿತ್ತು.

ಅರ್ಧ ಗಂಟೆಯನ್ನು ಹದಿನೈದು ದಿನ ಮಾಡಿದೆವು. ಖಾನೆಗಳಿಗೆ ಮಿತಿಯೇ ಇಲ್ಲದಂತೆ ಮಾಡಿದೆವು, ಹೆಸರು ಬಂದಷ್ಟೂ ಹೊಸ ಖಾನೆ. ಕೆಳಗೆ ಒತ್ತಲು ಒಂದು ದೊಡ್ಡ ಗುಂಡಿ: ‘ಉಳಿಸಿಡಿ, ಮನೆಯಲ್ಲಿ ಕೇಳಿಕೊಂಡು ಬನ್ನಿ.’ ಫೋನ್ ನಂಬರು ಕೊಟ್ಟು ಉಳಿಸಿದರೆ ಯಾವ ಮೊಬೈಲಿನಿಂದ ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದು, ರಿಪೋರ್ಟಿಗೂ ಅದು ಒಬ್ಬರೇ ಎಂದು ತಿಳಿಯುತ್ತದೆ. ಹೆಸರಿನ ಪುಟದ ನೆತ್ತಿಯ ಮೇಲೆ ಚಾಚಾನ ಪ್ರಶ್ನೆಯನ್ನೇ ಹಾಕಿದೆ, ‘ಯಾರ ಹೆಸರು ಬಿಟ್ಟರೆ ಸಿಟ್ಟಾಗುತ್ತಾರೆ?’ ಅದರ ಪಕ್ಕದಲ್ಲಿ, ಗೊಂದಲವಾದರೆ ಕೇಳಿ ಎಂದು ಸಿರುಗುಪ್ಪದ ಟೇಬಲ್ಲಿನ ಫೋನ್ ನಂಬರು.

ಎರಡು ವಾರಕ್ಕೆ ಕಂಬ ಎದ್ದು ನಿಂತಿತು. ಕೈಬಿಟ್ಟರು ಎಂದುಕೊಂಡಿದ್ದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಹೆಸರಿನ ಪುಟದಿಂದ ಚಾಚಾನಿಗೆ ಫೋನಿನ ಮೇಲೆ ಫೋನು. ನಾನು ಹಿಗ್ಗಿ ಅಣ್ಣನಿಗೆ ತೋರಿಸಿದೆ. ಅವನು ಕಂಬಗಳನ್ನು ನೋಡಿ ನನ್ನ ಬೆನ್ನು ತಟ್ಟಿದ. ಮರುಕ್ಷಣವೇ, ‘ಹಂಗಾದ್ರ ಇನ್ನ ಚಿಂತಿಲ್ಲ, ಉಗಾದಿಗೆ ಟೇಬಲ್ ಎತ್ತಬಹುದು’ ಎಂದ.

‘ಚಾಚಾ ಇರೋದಕ್ಕೇ ಅಲ್ಲೇನೋ ಇದು ನಡಿಯೋದು!’ ಎಂದು ಕೂಗಿದೆ.

‘ಫೋನು ಮನ್ಯಾಗ ಕುಂತೂ ಎತ್ತಬಹುದು. ಟೇಬಲ್ ಯಾಕ?’

ಕರೂರಿನ ಗಂಡ ಹೆಂಡತಿ ಬಂದು ಕೂತದ್ದು ಬೆಂಚಿನ ಮೇಲೆ, ಫೋನಿನ ಮೇಲಲ್ಲ ಎಂದು ವಾದಿಸಿದೆ. ಅವನು ಯಂತ್ರ ಚಾಲೂ ಮಾಡಿದ. ಅಣ್ಣನಿಗೆ ಉತ್ತರ ಹೊಳೆಯದಿದ್ದರೆ ಯಂತ್ರ ಚಾಲೂ ಆಗುತ್ತದೆ. ಆ ಸಲ ನನಗೆ ನಗು ಬರಲಿಲ್ಲ, ಅಳು ಬಂತು. ನಾನೇ ತಂದ ವಸ್ತು ಕೆಟ್ಟರೆ ನನಗೆ ಅವಮಾನ, ಗೆದ್ದರೆ ಚಾಚಾನಿಗೆ ಕುತ್ತು.

ಉಗಾದಿ, ರಂಜಾನ್ ಎರಡೂ ಒಂದರ ಬೆನ್ನಿಗೆ ಒಂದು ಬಂದ ವರ್ಷ ಅದು. ಹಬ್ಬಕ್ಕೆ ವಾರವಿರುವಾಗ ಉಳಿಸಿಟ್ಟ ಕಾರ್ಡುಗಳ ಪಟ್ಟಿ ನೋಡುತ್ತಿದ್ದೆ. ಹದಿನೈದು ದಿನ ತುಂಬುವ ಮೊದಲು ಅಂಥವರಿಗೆ ಫೋನು ಮಾಡಿ ನೆನಪಿಸುವುದು ನನ್ನ ಕೆಲಸ. ಒಂದು ಕಾರ್ಡು ಹದಿಮೂರು ದಿನದಿಂದ ಹೆಸರಿನ ಪುಟದಲ್ಲೇ ನಿಂತಿತ್ತು. ದಿನಕ್ಕೊಮ್ಮೆ ಯಾರೋ ಅದನ್ನು ತೆರೆದು, ಏನೂ ಬರೆಯದೆ ಮುಚ್ಚಿದ್ದರು. ಫೋನ್ ಹಚ್ಚೋಣವೆಂದು ನಂಬರು ನೋಡಿದೆ. ಸಿರುಗುಪ್ಪದ ನಮ್ಮ ಟೇಬಲ್ಲಿನದೇ ನಂಬರು.

ಕಾರ್ಡು ತೆರೆದೆ. ಚಾಚಾನ ಮಗಳ ನಿಕಾಹದ್ದು. ತೀರಿಹೋದ ಹಿರಿಯರು, ಇರುವ ಹಿರಿಯರು, ಅಳಿಯನ ಕಡೆಯವರು, ಕಾಗುಣಿತದ ಒಂದು ತಪ್ಪಿಲ್ಲದೆ ಸಾಲಾಗಿ ಕೂತಿದ್ದರು. ಕೊನೆಗೆ ‘ಹಿತೈಷಿಗಳು’ ಎಂಬ ತಲೆಬರಹ. ಅದರ ಕೆಳಗೆ ಎರಡು ಖಾಲಿ ಖಾನೆ. ಮೂರನೆಯದರಲ್ಲಿ ನಮ್ಮ ಪ್ರೆಸ್ಸಿನ ಹೆಸರು, ಅದರ ಮುಂದೆ ‘ಬಳ್ಳಾರಿ ಮತ್ತು’ ಎಂದು ಬರೆದು ನಿಂತುಬಿಟ್ಟಿತ್ತು.

ಅಣ್ಣನ ಗುಟ್ಟು ಯಾವ ಬಸ್ಸಿನಲ್ಲೋ ಸಿರುಗುಪ್ಪಕ್ಕೆ ತಲುಪಿತ್ತು. ಸಾವಿರ ಮನೆಗಳ ಹೆಸರು ಜೋಡಿಸಿದವರು ತಮ್ಮ ಮಗಳ ಕಾರ್ಡಿನಲ್ಲಿ ಒಂದು ಊರಿನ ಹೆಸರು ಬರೆಯಲಾರದೆ ಹದಿಮೂರು ದಿನ ಕೂತಿದ್ದರು. ಮಗಳ ಮದುವೆಯ ದಿನಕ್ಕೆ ಆ ಟೇಬಲ್ ಇರುತ್ತದೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಕೇಳುವ ಮನುಷ್ಯ ಅವರಲ್ಲ. ಉಳಿದವರೆಲ್ಲ ಹೆಸರಿನ ಪುಟದಿಂದ ಎದ್ದು ತಮ್ಮವರನ್ನು ಕೇಳಲು ಹೋಗಿದ್ದರು. ಚಾಚಾ ಕೇಳಬೇಕಾದದ್ದು ನಮ್ಮನ್ನು.

ಅಣ್ಣನನ್ನು ಕೈ ಹಿಡಿದು ಎಳೆದು ತಂದು ಪರದೆಯ ಮುಂದೆ ನಿಲ್ಲಿಸಿದೆ. ಅವನು ಮೇಲಿನಿಂದ ಓದುತ್ತಾ ಬಂದ, ಅಭ್ಯಾಸಬಲದಿಂದ ತಪ್ಪು ಹುಡುಕುತ್ತಾ. ‘ಬಳ್ಳಾರಿ ಮತ್ತು’ ಹತ್ತಿರ ಬಂದು ನಿಂತ. ಮತ್ತೊಮ್ಮೆ ಓದಿದ. ಮಸಿ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಯಂತ್ರ ಚಾಲೂ ಮಾಡಲು ಹೋಗಲಿಲ್ಲ.

‘ಫೋನ್ ಹಚ್ಚು’ ಎಂದ.

ಸ್ಪೀಕರ್ ಹಾಕಿ ಹಚ್ಚಿದೆ. ಚಾಚಾ ಎತ್ತಿದರು. ಉಪವಾಸದ ದನಿ, ಮೆಲ್ಲಗಿತ್ತು. ‘ಹೇಳಮ್ಮಾ’ ಎಂದರು.

‘ಒಂದು ಕಾರ್ಡು ಹದಿಮೂರು ದಿನದಿಂದ ನಿಂತೈತಿ ಚಾಚಾ. ಅದಕ್ಕ ಕೇಳಾಕ ಫೋನ್ ಮಾಡಿದೆ. ಅದರಾಗ ಯಾರ ಹೆಸರು ಬಿಟ್ರ ಸಿಟ್ಟಾಗ್ತಾರ?’

ಆ ಕಡೆಯಿಂದ ಯಾವುದೋ ಬಸ್ಸಿನ ಹಾರನ್ನು ಕೇಳಿಸಿತು.

‘ನೀವು ಹೇಳಂಗಿಲ್ಲ ಅಂದ್ರ ನಾನೇ ಹೇಳ್ತೀನಿ. ನಾನು ಸಿಟ್ಟಾಗ್ತೀನಿ. ನನಗ ಅಕ್ಷರ ಕಲಿಸಿದೋರ ಮಗಳ ಮದುವ್ಯಾಗ ನನ್ನ ಹೆಸರಿಲ್ಲ ಅಂದ್ರ ಆ ಕಡಿ ತಲಿ ಹಾಕಿ ಮಲಗಂಗಿಲ್ಲ ನಾನು!’ ಎಂದೆ.

ಅಣ್ಣ ಫೋನಿನ ಮೇಲೆ ಬಗ್ಗಿದ. ‘ಚಾಚಾ, ನಾನೂ ಸಿಟ್ಟಾಗ್ತೀನಿ. ಅರ್ಧಕ್ಕ ಬಿಟ್ಟೀರಲ್ಲ, ಪೂರ್ತಿ ಬರೀರಿ. ಬಳ್ಳಾರಿ ಮತ್ತು ಸಿರುಗುಪ್ಪ.’

ಚಾಚಾ ಅಂದರು, ‘ಅಚ್ಚು ಆದ ಮ್ಯಾಲ ತಿದ್ದಾಕ ಬರಂಗಿಲ್ಲ. ವಿಚಾರ ಮಾಡಿ ಹೇಳು.’

‘ಮಾಡೀನಿ’ ಎಂದ ಅಣ್ಣ. ಕೂಡಲೇ, ‘ಹಿರಿಯಾವ ನಾನು, ನನ್ನ ಹೆಸರು ಮೊದ್ಲು’ ಎಂದ.

‘ಯಾಕ? ಕೇಳಿದಾಕಿ ನಾನು!’ ಎಂದೆ. ಫೋನಿನ ಮುಂದೆಯೇ ನಮ್ಮಿಬ್ಬರಿಗೆ ಜಗಳ ಹತ್ತಿತು. ಆ ಕಡೆಯಿಂದ ಚಾಚಾ ನಕ್ಕರು, ಎಷ್ಟೋ ದಿನಗಳ ಮೇಲೆ ಅವರ ಆ ನಗು ಕೇಳಿದೆ. ‘ಇಬ್ಬರೂ ಸುಮ್ಕಿರ್ರಿ. ಜಾಸ್ತಿ ಸಿಟ್ಟು ಯಾರಿಗೆ ಬರ್ತೈತೋ ಅವರ್ದು ಮೊದ್ಲು. ಅದು ನಿಮ್ಮಪ್ಪನ ಕಾಲದಿಂದ ನನಗ ಗೊತ್ತೈತಿ’ ಎಂದು ಫೋನ್ ಇಟ್ಟರು.

ನಾವಿಬ್ಬರೂ ಪರದೆ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಟಣ್ ಎಂದಿತು, ಹೊಸ ಆರ್ಡರ್. ತೆರೆದು ನೋಡಿದರೆ ನನ್ನ ಹೆಸರು ಮೊದಲಿತ್ತು, ಅಣ್ಣನದು ಅದರ ಕೆಳಗೆ, ಮೂರನೆಯ ಖಾನೆಯಲ್ಲಿ ಎರಡೂ ಊರು ಪೂರ್ತಿಯಾಗಿದ್ದವು. ಅಣ್ಣ ಅದನ್ನು ನೋಡಿ ಗೊಣಗುತ್ತಾ ಯಂತ್ರದ ಕಡೆ ಹೋಗಿ, ‘ಉಳಿದಿದ್ದೆಲ್ಲಾ ಬದಿಗಿಡ್ರಿ, ಮೊದ್ಲು ಇದನ್ನ ಹಚ್ಚ್ರಿ’ ಎಂದು ಎಲ್ಲರನ್ನೂ ಬೈಯತೊಡಗಿದ.